ಅರ್ಧತಲಿ ಬ್ಯಾನಿ: ಹಣಿಗೆ ಹಚ್ಚಿದ್ದೆಷ್ಟು, ಲೆಕ್ಕ ಇಟ್ಟಿದ್ದೆಷ್ಟು

ನಮ್ಮ ಕಡೆ ತಲಿಬ್ಯಾನಿಗೆ ಹೆಸರು ಒಂದೇ ಇಲ್ಲ. ತಲಿ ಜಡ ಆಗೈತಿ ಅಂದ್ರ ಒಂದು, ತಲಿ ಹಿಡದೈತಿ ಅಂದ್ರ ಇನ್ನೊಂದು, ತಲಿ ಸಿಡ್ಯಾಕ ಹತ್ತೈತಿ ಅಂದ್ರ ಮತ್ತೊಂದು. ಆದ್ರ "ಅರ್ಧತಲಿ ಬಂದೈತಿ" ಅಂದ್ರ ಮಾತ್ರ ಗೊತ್ತಿದ್ದ ಹೆಣ್ಮಕ್ಕಳು ಏನೂ ಕೇಳೂದಿಲ್ಲ, ಸುಮ್ನ ಹೋಗಿ ಖೋಲಿ ಕಿಡಕಿ ಮುಚ್ಚತಾರ. ಯಾಕಂದ್ರ ಅದು ಬಂದೋರಿಗೆ ಬೆಳಕು ಬ್ಯಾಡ, ಸಪ್ಪಳ ಬ್ಯಾಡ, ಒಗ್ಗರಣಿ ವಾಸನಿ ಅಂತೂ ಬ್ಯಾಡವೇ ಬ್ಯಾಡ. ಒಮ್ಮೆ ವಾಂತಿ ಆಗಿ ನಿದ್ದಿ ಹತ್ತಿದ್ರ ಪುಣ್ಯ.

"ಗುಳಿಗಿ ನುಂಗಿ ನುಂಗಿ ಸಾಕಾತು, ಮನ್ಯಾಗ ಮಾಡೂವಂಥಾದ್ದು, ನೈಸರ್ಗಿಕದ್ದು ಏನಾರ ಇದ್ರ ಬರಿರಿ" ಅಂತ ಹ್ವಾದ ತಿಂಗಳು ಮೂರು ಮಂದಿ ಕೇಳಿದ್ರಿ. ಔಷಧದ ಯಾದಿ ಬರ್ಯಾಕ ಕುಂತೆ. ಕುಂತ ಮ್ಯಾಲ ಅನಿಸಿತು, ಯಾದಿಕಿಂತ ಈ ಔಷಧಗಳ ಹಿಂದಿನ ಕಥಿನ ಹೆಚ್ಚು ಉಪಯೋಗಕ್ಕ ಬರತೈತಿ ಅಂತ. ಎರಡು ಸಾವಿರ ವರ್ಷದಾಗ ಮಂದಿ ಈ ಬ್ಯಾನಿಗೆ ಏನೇನು ಹಚ್ಚಿದ್ರು, ಏನೇನು ಕುಡಿಸಿದ್ರು, ಅದರಾಗ ಉಳಿದದ್ದು ಯಾವುದು, ಬಿದ್ದು ಹೋದದ್ದು ಯಾವುದು ಅನ್ನೂದು ಗೊತ್ತಿದ್ರ, ನಾಳೆ ಯಾರರ ಬಂದು "ಇದು ಗಿಡದ್ದು, ಏನೂ ಆಗೂದಿಲ್ಲ, ತಗೋರಿ" ಅಂದಾಗ ನಾವು ತಿರುಗಿ ಏನು ಕೇಳಬೇಕು ಅನ್ನೂದು ತಿಳೀತೈತಿ.

ಮೊದಲು ಹೆಸರಿಂದು. ಸಂಸ್ಕೃತದಾಗ ಇದಕ್ಕ ಅರ್ಧಾವಭೇದಕ ಅಂತಾರ, ಅರ್ಧ ತಲಿ ಸೀಳಿಧಂಗ ಆಗೂದು. ಮರಾಠಿಯವರಿಗೆ ಅರ್ಧಶಿಶಿ, ಹಿಂದಿಯವರಿಗೆ ಆಧಾಸೀಸಿ. ಅರಬ್ಬಿ ವೈದ್ಯರು ಶಕೀಕಾ ಅಂದ್ರು, ಅದೂ ಸೀಳಿದ ಅರ್ಧನ. ಎರಡನೇ ಶತಮಾನದ ಗ್ರೀಕ್ ವೈದ್ಯ ಗೇಲನ್ ಹೆಮಿಕ್ರೇನಿಯಾ ಅಂತ ಬರದ. ಹೆಮಿ ಅಂದ್ರ ಅರ್ಧ, ಕ್ರೇನಿಯಾ ಅಂದ್ರ ತಲಿಬುರುಡಿ. ಆ ಶಬ್ದ ಲ್ಯಾಟಿನ್ನಿಗೆ ಹೋಗಿ, ಬಾಯಿಂದ ಬಾಯಿಗೆ ಸವದು, ಮುಂದಿನ ಅಕ್ಷರ ಉದುರಿ, ಫ್ರೆಂಚರ ಬಾಯಾಗ ಮೈಗ್ರೇನ್ ಆತು. ಇಷ್ಟು ಮಂದಿ ಎಲ್ಲಾರೂ 'ಅರ್ಧ' ಅಂದಾರ ನೋಡ್ರಿ. ಆದ್ರ ಹೆಸರು ನಂಬಿ ಕೂಡಬ್ಯಾಡ್ರಿ. ಎಷ್ಟೋ ಮಂದಿಗೆ ಇದು ಎರಡೂ ಕಡೆ ಬರತೈತಿ. "ನಂದು ಪೂರಾ ತಲಿ ಬ್ಯಾನಿ, ಹಂಗಾರ ಅದು ಅಲ್ಲ" ಅಂತ ತಿಳಕೊಂಡು ವರ್ಷಗಟ್ಟಲೆ ಪಿತ್ತದ ಔಷಧ ಕುಡದವರು ನಮ್ಮ ಬಳಗದಾಗ ಅದಾರ.

ನಮ್ಮ ಹಳೇ ಗ್ರಂಥಗಳು ಈ ವಿಷಯದಾಗ ಭಾಳ ಚೊಲೋ ನೋಡ್ಯಾವ. ಸುಶ್ರುತಸಂಹಿತೆಯೊಳಗ ತಲಿಯ ರೋಗ 11 ಅಂತ ಎಣಿಸ್ಯಾರ. ಅದರಾಗ ಅರ್ಧಾವಭೇದಕ ಒಂದು, ಸೂರ್ಯಾವರ್ತ ಇನ್ನೊಂದು. ಸೂರ್ಯಾವರ್ತ ಅಂದ್ರ ಹೊತ್ತು ಏರಿಧಂಗ ಬ್ಯಾನಿ ಏರೂದು, ಹೊತ್ತು ಇಳಿಧಂಗ ಇಳಿಯೂದು. ನಮ್ಮ ಆಯಿ "ನೆತ್ತಿ ಮ್ಯಾಲ ಹೊತ್ತು ಬರೂತನಕ ತಡ್ಕೋ" ಅಂತಿದ್ಲಲ್ಲಾ, ಅದು. ಚರಕಸಂಹಿತೆಯೊಳಗ ಅರ್ಧತಲಿ ಬ್ಯಾನಿ ಯಾಕ ಬರತೈತಿ ಅಂತ ಒಂದು ಯಾದಿ ಐತಿ. ಒಣಾ ಊಟ, ಅತಿ ಊಟ, ಮೊದಲಿನ ಊಟ ಕರಗೂದರಾಗ ಮತ್ತೊಂದು ಊಟ, ಮೂಡಗಾಳಿ, ಇಬ್ಬನಿ, ಮೈ ದಣಿಸೂದು, ಬಂದ ವೇಗ ತಡ್ಕೊಳ್ಳೂದು. ಇನ್ನೊಂದೂ ಐತಿ, ಅದನ್ನ ಇಲ್ಲಿ ಬರಿಯೂದಿಲ್ಲ, ನಮ್ಮ ದೊಡ್ಡವ್ವನೂ ಇದನ್ನ ಓದತಾಳ. ವೇಗ ತಡಿಯೂದು ಅಂದ್ರ ಮಲ, ಮೂತ್ರ, ನಿದ್ದಿ ಇಂಥಾವು. ದೂರದ ಬಸ್ಸಿಗೆ ಹೋಗೂವಾಗ ಎಲ್ಲೂ ಇಳಿಯಾಕ ಆಗೂದಿಲ್ಲಂತ ನಾವು ಮುಂಜಾನಿಂದ ನೀರ ಕುಡಿಯೂದಿಲ್ಲ, ಸಂಜಿಕ ಊರು ಮುಟ್ಟೂದರಾಗ ತಲಿ ಸಿಡಿತೈತಿ. ಚರಕರು ನಮ್ಮ ಬಸ್ಸು ನೋಡಿರಲಿಲ್ಲ, ಆದ್ರೂ ಬರದಾರ.

ಈ ಗ್ರಂಥಗಳಾಗ ಚಿಕಿತ್ಸಾನೂ ಐತಿ: ಮೂಗಿಗೆ ಎಣ್ಣಿ-ತುಪ್ಪ ಬಿಡೂದು, ತಲಿಗೆ ಲೇಪ, ರಕ್ತ ತಗಿಯೂದು. ಸೂರ್ಯಾವರ್ತಕ್ಕ ಹಾಲು-ಅನ್ನದ ಅಡಗಿ, ತುಪ್ಪ ಕೊಡ್ರಿ ಅಂತನೂ ಹೇಳ್ಯಾರ. ಹೊತ್ತು ಮೂಡೂದರಾಗ ಬಿಸಿ ಹಾಲಿನಾಗ ಜಿಲೇಬಿ ಅದ್ದಿ ತಿನ್ರಿ ಅಂತ ನಮ್ಮ ಕಡೆ ಹೇಳತಾರಲ್ಲಾ, ಅದು ಇದರ ಮೊಮ್ಮಗನ ಇರಬೇಕು ಅಂತ ನನ್ನ ಅಂದಾಜು. ಜಿಲೇಬಿಯೊಳಗ ಔಷಧ ಏನೂ ಇಲ್ಲ. ಖಾಲಿ ಹೊಟ್ಟಿಲೆ ಬಿಸಲಿಗೆ ಹೋಗಬ್ಯಾಡ ಅನ್ನೂ ಮಾತು ಅದರಾಗ ಅಡಗಿ ಕುಂತೈತಿ. ಈ ಮಾತು ನೆಪ್ಪಿಟ್ಟುಕೋರಿ, ಮುಂದ ಮತ್ತ ಬರತೀನಿ.

ಹೊರಗಿನ ದೇಶದವರು ಅಷ್ಟೊತ್ತಿಗೆ ಏನು ಮಾಡತಿದ್ರು ಅಂದ್ರ, ರೋಮಿನ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್ ಮೊದಲನೇ ಶತಮಾನದಾಗ, ಕರೆಂಟ್ ಹೊಡಿಯೂವಂಥಾ ಜೀವಂತ ಮೀನ ತಂದು ತಲಿ ಮ್ಯಾಲ ಇಡ್ರಿ, ಜಾಗಾ ಮರಗಟ್ಟೂತನಕ ಬಿಡ್ರಿ ಅಂತ ಬರದಾನ. ನಗಬ್ಯಾಡ್ರಿ. 2014ರಾಗ ಅಮೇರಿಕಾದ ಸರಕಾರ ಹಣಿಗೆ ಕಟ್ಟಿಕೊಂಡು ಸಣ್ಣ ಕರೆಂಟ್ ಕೊಡೂ ಪಟ್ಟಿಯೊಂದಕ್ಕ ಮೈಗ್ರೇನ್ ತಡಿಯಾಕಂತ ಒಪ್ಪಿಗಿ ಕೊಟ್ಟೈತಿ. ಮೀನ ಮಾತ್ರ ಬಚಾವಾತು.

ಈ ಚರಿತ್ರಿಯೊಳಗ ನನ್ನ ಮನಸಿನಾಗ ನಿಂತಾಕಿ ಇಂಗ್ಲೆಂಡಿನ ಆನ್ ಕಾನ್‌ವೇ. ಹುಟ್ಟಿದ್ದು 1631. ದೊಡ್ಡ ಮನಿತನ. 12 ವರ್ಷದಾಕಿ ಇದ್ದಾಗ ಒಂದು ಜ್ವರ ಬಂದು ಹೋತು, ಅಲ್ಲಿಂದ ತಲಿಬ್ಯಾನಿ ಶುರುವಾಗಿದ್ದು ಸಾಯೂತನಕ ಬಿಡಲಿಲ್ಲ. ಒಮ್ಮೊಮ್ಮೆ ದಿನಗಟ್ಟಲೆ ಕತ್ತಲ ಖೋಲಿಯೊಳಗ. ಗಂಡ ಚೊಲೋ ಮನಷ್ಯಾ, ರೊಕ್ಕ ಇತ್ತು, ಹಿಂಗಾಗಿ ಆ ಕಾಲದ ದೊಡ್ಡ ದೊಡ್ಡ ವೈದ್ಯರೆಲ್ಲಾ ಬಂದ್ರು. ಮೈಯಾಗ ರಕ್ತ ಸುತ್ತತೈತಿ ಅಂತ ಮೊದಲು ತೋರಿಸಿದ ವಿಲಿಯಂ ಹಾರ್ವೆ ನೋಡಿದ. ಮೆದುಳಿನ ಶಾಸ್ತ್ರಕ್ಕ ತಂದಿ ಅನಿಸಿಕೊಂಡ ಥಾಮಸ್ ವಿಲಿಸ್ ನೋಡಿದ. 1656ರಾಗ ಪ್ಯಾರಿಸ್ಸಿಗೆ ಕರಕೊಂಡು ಹೋದ್ರು, ತಲಿಬುರುಡಿಗೆ ತೂತು ಕೊರಿಸಾಕ. ಅಲ್ಲಿಯವರು ತೂತು ಕೊರಿಯಲಿಲ್ಲ, ರಕ್ತನಾಳ ಕೊಯ್ದು ರಕ್ತ ತಗದು ಕಳಿಸಿದ್ರು. ಹತ್ತು ವರ್ಷ ಬಿಟ್ಟು, 1666ರಾಗ, ಕೈ ಆಡಿಸಿ ಬ್ಯಾನಿ ತಗೀತಾನ ಅಂತ ಹೆಸರಾದ ವ್ಯಾಲೆಂಟೈನ್ ಗ್ರೇಟ್‌ರೇಕ್ಸ್ ಅನ್ನಾಂವನ್ನ ಐರ್ಲೆಂಡಿನಿಂದ ಕರಿಸಿದ್ರು. ಸುತ್ತಲಿನ ಊರವರೆಲ್ಲಾ ಅಂವನ ಕೈಯಿಂದ ಆರಾಮ ಆತು ಅಂತ ಹೇಳಿ ಹೋದ್ರು. ಈಕಿಗೆ ಮಾತ್ರ ಏನೂ ಆಗಲಿಲ್ಲ.

ವಿಲಿಸ್ ತನ್ನ 1672ರ ಪುಸ್ತಕದಾಗ ಈಕಿ ಹೆಸರು ಹೇಳದ ಈಕಿ ಬ್ಯಾನಿಯನ್ನ ಬರದಾನ. ಅಂದ್ರ ಈಕಿ ತಲಿಬ್ಯಾನಿ ಶಾಸ್ತ್ರದೊಳಗ ಸೇರಿತು. ಆದ್ರ ಈಕಿ ಅಷ್ಟಕ್ಕ ನಿಲ್ಲಲಿಲ್ಲ. ಬ್ಯಾನಿ ಇಲ್ಲದಾಗ ಗ್ರೀಕು, ಹಿಬ್ರೂ ಕಲತು, ತತ್ವಶಾಸ್ತ್ರ ಬರದ್ಲು. 1679ರಾಗ ತೀರಿಕೊಂಡ ಮ್ಯಾಲ, 1690ರಾಗ ಆ ಪುಸ್ತಕ ಲ್ಯಾಟಿನ್ನಿನಾಗ ಬಂತು, ಅದರ ಮ್ಯಾಲ ಬರದಾಕಿ ಹೆಸರು ಇರಲಿಲ್ಲ. ಜರ್ಮನಿಯ ಲೈಬ್ನಿಟ್ಸ್ ಅಂಥಾ ಪಂಡಿತ ಅದನ್ನ ಓದಿ ಮೆಚ್ಚಿದ. ಮೈಯ ನೋವಿಗೂ ಜೀವಕ್ಕೂ ಏನು ಸಂಬಂಧ ಅನ್ನೂದನ್ನ ಆ ಪುಸ್ತಕದಾಗ ಕೇಳ್ಯಾಳ. ಅದನ್ನ ಆಕಿ ಕುಂತಲ್ಲೇ ಯೋಚನಿ ಮಾಡಿ ಬರದದ್ದಲ್ಲ ಅಂತ ನನಗ ಅನಿಸತೈತಿ.

ರೊಕ್ಕ ಇದ್ದ ಮನಿಯಾಕಿದು ಇಷ್ಟಾದ್ರೂ ದಾಖಲಾತು. ಉಳಿದ ಹೆಣ್ಮಕ್ಕಳ ತಲಿಬ್ಯಾನಿ ಎಲ್ಲಾ ಕಡೆ ನೆವ ಅನಿಸಿಕೊಂಡು ಹೋತು. ನಮ್ಮ ದೊಡ್ಡವ್ವಗ ಬ್ಯಾನಿ ಬರೂ ಮೊದಲು ಕಣ್ಣಾಗ ಮಿಂಚಿನ ಗೆರಿ ಬರತಿತ್ತಂತ, ಕರಗಸದ ಹಲ್ಲಿನಂಗ, ಕೋಟಿ ಗ್ವಾಡಿ ಮೂಲಿ ಇದ್ಹಂಗ. ಅರ್ಧ ತಾಸು ಕುಣದು ಹೋಗಿ ಆ ಮ್ಯಾಲ ಬ್ಯಾನಿ. ಮನ್ಯಾಗ ಹೇಳಿದ್ರ ದೃಷ್ಟಿ ಆಗೈತಿ ಅಂತ ಮೆಣಸಿನಕಾಯಿ ಸುಟ್ಟರು. ಅದ ಗೆರಿಯನ್ನ 1870ರಾಗ ಹ್ಯೂಬರ್ಟ್ ಏರಿ ಅನ್ನೂ ಇಂಗ್ಲಿಷ್ ಡಾಕ್ಟರು, ತನಗ ಕಂಡಿದ್ದನ್ನ ಬಣ್ಣದಾಗ ಚಿತ್ರ ಬರದು ರಾಯಲ್ ಸೊಸೈಟಿಗೆ ಕೊಟ್ಟ. ಕೋಟಿ ಗ್ವಾಡಿಯಂಥಾ ಗೆರಿನ ಅಲ್ಲೂ. ಮೂರು ವರ್ಷ ಬಿಟ್ಟು, 1873ರಾಗ, ಎಡ್ವರ್ಡ್ ಲೈವಿಂಗ್ ಅನ್ನಾಂವ ದೊಡ್ಡ ಪುಸ್ತಕ ಬರದು, ಇದು ಹೊಟ್ಟಿ ಪಿತ್ತ ಅಲ್ಲ, ನರದಾಗ ಏಳೂ ಬಿರುಗಾಳಿ ಅಂದ. ಅಂವ ಹೇಳಿದ್ದು ಬಹುತೇಕ ಖರೆ ಆತು. ಮೈಗ್ರೇನ್ ಮೆದುಳು-ನರದ್ದ ರೋಗ, ಮನಿತನದಾಗ ಹರಕೊಂಡು ಬರತೈತಿ, ಮೈನೆರದ ಮ್ಯಾಲ ಹೆಣ್ಮಕ್ಕಳಿಗೆ ಗಂಡಸರಕಿಂತ ಸುಮಾರು ಮೂರುಪಟ್ಟು ಹೆಚ್ಚು. ನೆವ ಅಲ್ಲ.

ಇನ್ನ ಗಿಡಗಂಟಿ ಔಷಧಕ್ಕ ಬರೂಣು. ಇಲ್ಲೇ ನೋಡ್ರಿ ನನಗ ಜಗಳ ಇರೂದು.

ಮೈಗ್ರೇನಿಗೆ ಮೊದಲು ಕೆಲಸ ಮಾಡಿದ ಗುಳಿಗಿ ಎಲ್ಲಿಂದ ಬಂತು ಗೊತ್ತೇನ್ರಿ? ಪೂರಾ ನೈಸರ್ಗಿಕದ್ದು. ಯುರೋಪಿನ ರೈ ಅನ್ನೂ ಧಾನ್ಯದ ತೆನಿಗೆ ಎರ್ಗಟ್ ಅಂತ ಕರೀ ಕೊಂಬಿನಂಥಾ ಬೂಷ್ಟು ಬರತೈತಿ. ಆ ಹಿಟ್ಟಿನ ರೊಟ್ಟಿ ತಿಂದ ಊರಿಗೆ ಊರ ಕೈಕಾಲು ಉರದು, ಕರ್ರಗಾಗಿ, ಕೊಳೆತು ಉದುರತಿದ್ವು. ಅದಕ್ಕ ಸಂತ ಅಂತೋನಿಯ ಬೆಂಕಿ ಅಂತಿದ್ರು. ಅದನ್ನ ಸೂಲಗಿತ್ತಿಯರು ಚಿಟಕಿ ಲೆಕ್ಕದಾಗ ಹೆರಿಗಿ ಬ್ಯಾನಿ ಏರಸಾಕ ಕೊಡತಿದ್ರು. 1918ರಾಗ ಸ್ವಿಟ್ಜರ್ಲೆಂಡಿನ ಆರ್ಥರ್ ಸ್ಟೋಲ್ ಅದರಾಗಿಂದ ಎರ್ಗೋಟಮಿನ್ ಅನ್ನೂದನ್ನ ಬ್ಯಾರೆ ಮಾಡಿ ತಗದ, 1920ರ ದಶಕದಾಗ ಅದು ಮೈಗ್ರೇನಿಗೆ ಔಷಧ ಆತು. ರಕ್ತನಾಳ ಬಿಗಿಸೂ ಗುಣಾನ ಎರಡೂ ಕಡೆ. ಅಳತಿ ಮೀರಿದ್ರ ಕೈ ಬೆರಳು ಹೋಗೂದು, ಅಳತಿಯೊಳಗ ಇದ್ರ ಬ್ಯಾನಿ ನಿಲ್ಲೂದು. (ನಮ್ಮ ಸಜ್ಜಿ ತೆನಿಗೂ ಇದರ ಬಳಗದ ಬೂಷ್ಟು ಬರತೈತಿ. ಅದನ್ನ ತಿಂದ್ರ ವಾಂತಿ, ತಲಿ ತಿರಗೂದು. ಸಜ್ಜಿಯನ್ನ ಗಟ್ಟಿ ಉಪ್ಪಿನ ನೀರಾಗ ಹಾಕಿ ತೇಲಿದ್ದನ್ನ ತಗದು ಚೆಲ್ಲೂದು, ಉಳದಿದ್ದನ್ನ ತೊಳದು ಒಣಗಿಸೂದು ಅದಕ್ಕ.)

ಫೀವರ್‌ಫ್ಯೂ ಅಂತ ಇನ್ನೊಂದು ಗಿಡ. ಸೇವಂತಿಗಿ ಬಳಗದ್ದು, ಬಿಳೀ ಸಣ್ಣ ಹೂವು, ಕಹಿ ಎಲಿ. ಇಂಗ್ಲೆಂಡಿನ ಹಳ್ಳಿ ಹೆಂಗಸರಿಗೆ ನೂರಾರು ವರ್ಷದಿಂದ ಗೊತ್ತಿತ್ತು. 1970ರ ದಶಕದಾಗ ವೇಲ್ಸ್‌ನ ಡಾಕ್ಟರೊಬ್ಬರ ಹೆಂಡತಿ ದಿನಾ ಎಲಿ ತಿಂದು ತನ್ನ ಮೈಗ್ರೇನ್ ಹೋತು ಅಂದ ಮ್ಯಾಲ ಊರೆಲ್ಲಾ ಕುಂಡಿಯೊಳಗ ಬೆಳಿಯಾಕ ಹತ್ತಿದ್ರು. ಆವಾಗ ಲಂಡನ್ನಿನ ಡಾಕ್ಟರು ಒಂದು ಜಾಣ ಕೆಲಸ ಮಾಡಿದ್ರು. ಮೊದಲಿಂದ ದಿನಾ ಈ ಎಲಿ ತಿಂತಿದ್ದ 17 ಮಂದಿಯನ್ನ ತಗೊಂಡು, ಅರ್ಧ ಮಂದಿಗೆ ಗೊತ್ತಾಗಧಂಗ ಬರೇ ಖಾಲಿ ಗುಳಿಗಿ ಕೊಟ್ಟರು. 1985ರಾಗ ಬರದ್ರು: ಖಾಲಿ ಗುಳಿಗಿ ಸಿಕ್ಕವರಿಗೆ ಬ್ಯಾನಿ ತಿರುಗಿ ಬಂತು. 1988ರಾಗ ನಾಟಿಂಗ್‌ಹ್ಯಾಮಿನವರು 72 ಮಂದಿ ಮ್ಯಾಲ ನೋಡಿದಾಗಲೂ ಒಂದಿಷ್ಟು ಉಪಯೋಗ ಕಂಡಿತು. ಆ ಮ್ಯಾಲಿನ ಎಲ್ಲಾ ಪರೀಕ್ಷಿಯೊಳಗ ಹಂಗ ಕಾಣಲಿಲ್ಲ. ಬಾಯಿ ಹುಣ್ಣು ಆಗೂದೂ ಇತ್ತು. ಬಸರಿದ್ದವರು ಅಂತೂ ಮುಟ್ಟಬಾರದು.

ಬಟರ್‌ಬರ್ ಅನ್ನೂ ಗಿಡದ ಕಥಿ ಇದಕಿಂತ ಕೆಟ್ಟದ್ದು. 2012ರಾಗ ಅಮೇರಿಕಾದ ನರರೋಗ ತಜ್ಞರ ಅಕಾಡೆಮಿಯವರು ಮೈಗ್ರೇನ್ ತಡಿಯಾಕ ಇದು ಚೊಲೋ ಅಂತ ಬರದುಕೊಟ್ಟರು. ಮೂರು ವರ್ಷದಾಗ, 2015ರಾಗ, ಆ ಮಾತು ತಿರುಗಿ ತಗೊಂಡ್ರು. ಯಾಕಂದ್ರ ಅದು ಕೆಲವರ ಯಕೃತ್ತು ಕೆಡಿಸತಿತ್ತು. ಗಿಡದ್ದು ಅಂದ ಮ್ಯಾಲ ಏನೂ ಆಗೂದಿಲ್ಲ ಅನ್ನೋರಿಗೆ ನಾನು ಹೇಳೂದು ಈ ಎರಡು ಕಥಿ, ಎರ್ಗಟ್‌ದು ಮತ್ತ ಇದು.

ನಮ್ಮ ಮನಿ ಸುಂಠಿಗೆ ಬರೂಣು. ಕಲ್ಲಿನ ಮ್ಯಾಲ ಒಣಸುಂಠಿ ತೇದು ಹಣಿಗೆ ಹಚ್ಚಿ, ಸೆರಗಿನ ತುದಿಲೆ ತಲಿ ಬಿಗದು ಕಟ್ಟಿ ಮಲಗೂದು, ಇದು ನಮ್ಮ ಕಡೆ ಎಲ್ಲಾರ ಮನ್ಯಾಗೂ ಐತಿ. ಹಚ್ಚಿದ್ರ ಉರೀತೈತಿ, ಉರಿಯೊಳಗ ಬ್ಯಾನಿ ಒಂದೀಟು ಮರೀತೈತಿ. ಕಟ್ಟಿದ್ರ ಒತ್ತಿಗೆ ಹಿತ ಅನಸತೈತಿ. ಬ್ಯಾಡ ಅನ್ನೂದಿಲ್ಲ. ಕಣ್ಣಿಗೆ ಇಳಿಯದಂಗ ನೋಡಿಕೊಂಡ್ರ ಆತು. ಹೊಟ್ಟಿಗೆ ತಗೊಳ್ಳೂ ಸುಂಠಿಯ ಮ್ಯಾಲ 2014ರಾಗ ಇರಾನದವರು 100 ಮಂದಿಯನ್ನ ಇಟ್ಟುಕೊಂಡು ನೋಡ್ಯಾರ. ಬ್ಯಾನಿ ಬಂದ ಕೂಡಲೇ ಚಿಟಕಿ ಸುಂಠಿಪುಡಿ ತಗೊಂಡವರಿಗೂ, ಸುಮಾಟ್ರಿಪ್ಟಾನ್ ಅನ್ನೂ ಮೈಗ್ರೇನಿನ ಗುಳಿಗಿ ತಗೊಂಡವರಿಗೂ ಎರಡು ತಾಸಿನಾಗ ಸುಮಾರು ಒಂದ ತರ ಆರಾಮ ಆತಂತ. ಆದ್ರ ಖಾಲಿ ಗುಳಿಗಿ ತಗೊಂಡ ಮೂರನೇ ಗುಂಪು ಅಲ್ಲಿ ಇರಲಿಲ್ಲ, ಅದು ಆ ಪರೀಕ್ಷಿಯ ಕೊರತಿ. 2020ರಾಗ ಬ್ರೆಝಿಲಿನವರು ಮೂರು ತಿಂಗಳು ದಿನಾ ಸುಂಠಿ ಕೊಟ್ಟು, ಬ್ಯಾನಿ ಬರೂದ ಕಡಿಮಿ ಆಗತೈತೇನು ಅಂತ ನೋಡಿದ್ರು. ಖಾಲಿ ಗುಳಿಗಿಕಿಂತ ಏನೂ ಹೆಚ್ಚಾಗಲಿಲ್ಲ. ನನಗ ತಿಳದದ್ದು ಇಷ್ಟು: ಬ್ಯಾನಿ ಶುರುವಾದ ಕೂಡಲೇ, ಹೊಟ್ಟಿ ತೊಳಸೂವಾಗ, ಸುಂಠಿ ಕಷಾಯ ಕುಡೀರಿ. ದಿನಾ ಕುಡದ್ರ ಬ್ಯಾನಿ ಬರೂದಿಲ್ಲ ಅಂತ ಮಾತ್ರ ಅದರ ಮ್ಯಾಲ ಹೊರಿ ಹೊರಸಬ್ಯಾಡ್ರಿ.

ಡಬ್ಬಿ ಮುಲಾಮು ಬಿಟ್ರ ನೀವು ಬೈತೀರಿ. ಕಾಶೀನಾಥುನಿ ನಾಗೇಶ್ವರರಾವ್ ಅವರು 1893ರಾಗ ಮುಂಬೈಯೊಳಗ ಅಮೃತಾಂಜನ ಶುರು ಮಾಡಿ, ಸಂಗೀತ ಕಚೇರಿಯೊಳಗ ಪುಕ್ಕಟೆ ಹಂಚಿ ಮಂದಿಗೆ ರೂಢಿ ಮಾಡಿಸಿದ್ರಂತ. ಆ ಮ್ಯಾಲ ಪತ್ರಿಕೆ ತಗದು ಸ್ವಾತಂತ್ರ್ಯ ಚಳವಳಿಗೂ ಬಂದ್ರು. ಇಂಥಾ ಮುಲಾಮಿನಾಗ ಇರೂ ಪುದೀನಾ ಜಾತಿಯ ತಂಪಿನ ಎಣ್ಣಿ ಬಿಗದ ತಲಿಬ್ಯಾನಿಗೆ ಖರೇನ ಹಿತ ಕೊಡತೈತಿ ಅಂತ ಜರ್ಮನಿಯವರು 1996ರಾಗ ತೋರಿಸ್ಯಾರ. ಅದು ಬಿಗದ ತಲಿಬ್ಯಾನಿಗೆ, ಅರ್ಧತಲಿಗೆ ಅಲ್ಲ.

ಈಗ ಗುಳಿಗಿ. 1960ರ ಆಸ್ಟ್ರೇಲಿಯಾದ ಮನಿಗೆಲಸದ ಹೆಣ್ಮಕ್ಕಳ ಕಥಿ ಕೇಳ್ರಿ. ಬೆಕ್ಸ್ ಅಂತ ಒಂದು ಪುಡಿ ಅಂಗಡಿಯಾಗ ಸಿಗತಿತ್ತು. ಆಸ್ಪಿರಿನ್, ಫೆನಾಸಿಟಿನ್, ಕೆಫೀನ್ ಮೂರೂ ಕೂಡಿಸಿದ್ದು. ಒಂದು ಕಪ್ ಚಾ, ಒಂದು ಪುಡಿ, ಒಂದೀಟು ಅಡ್ಡಾಗೂದು ಅನ್ನೂದು ಅಲ್ಲಿ ಗಾದಿ ಮಾತ ಆಗಿತ್ತು. ದಿನಕ್ಕ ಒಂದು ಹೋಗಿ ನಾಲ್ಕು, ನಾಲ್ಕು ಹೋಗಿ ಇನ್ನೂ ಹೆಚ್ಚಾತು. ಮೆಲ್ಬರ್ನಿನ ಮೂತ್ರಪಿಂಡದ ಡಾಕ್ಟರು ಪ್ರಿಸಿಲ್ಲಾ ಕಿಂಕೇಡ್-ಸ್ಮಿತ್, ಹೆಣ್ಮಗಳು, ಈ ಪುಡಿಯಿಂದ ಸಾವಿರಾರು ಹೆಂಗಸರ ಮೂತ್ರಪಿಂಡ ಹಾಳಾಗಾಕ ಹತ್ತ್ಯಾವ ಅಂತ ಹಿಡದು ಹೋರಾಡಿದ್ರು. 1970ರ ದಶಕದಾಗ ಫೆನಾಸಿಟಿನ್ ಅಂಗಡಿಯಿಂದ ಹೋತು, ಆ ರೋಗಾನೂ ಕಡಿಮಿ ಆತು. ನಮ್ಮಲ್ಲಿ ಹಳಬರಿಗೆ ಎಪಿಸಿ ಗುಳಿಗಿ ನೆಪ್ಪಿರಬೇಕು, ಅದೂ ಇದ ಮೂರರ ಸಂಗಮ.

ಇನ್ನೊಂದು ಮಾತು ಎಲ್ಲಾರೂ ತಿಳಕೋಬೇಕು. ತಲಿಬ್ಯಾನಿ ಗುಳಿಗಿ ಹೆಚ್ಚಾದ್ರ ಆ ಗುಳಿಗಿನ ತಲಿಬ್ಯಾನಿ ತರತೈತಿ. 1951ರಾಗನ ಅಮೇರಿಕಾದ ಮೇಯೋ ಕ್ಲಿನಿಕ್ಕಿನ ಡಾಕ್ಟರು ಎರ್ಗೋಟಮಿನ್ ದಿನಾ ತಗೊಳ್ಳೋರಾಗ ಇದನ್ನ ಕಂಡಿದ್ರು. ಈಗಿನ ಲೆಕ್ಕ ಹಿಂಗೈತಿ: ಸಾದಾ ನೋವಿನ ಗುಳಿಗಿ ತಿಂಗಳಿಗೆ 15 ದಿನ, ಎರಡು-ಮೂರು ಔಷಧ ಕೂಡಿಸಿದ ಗುಳಿಗಿ ಅಥವಾ ಟ್ರಿಪ್ಟಾನ್ ಜಾತಿದು 10 ದಿನ, ಹಿಂಗ ಮೂರು ತಿಂಗಳ ಮ್ಯಾಲ ನಡದ್ರ ಬ್ಯಾನಿ ತಿರುಗಿ ತಿರುಗಿ ಬರತೈತಿ. ನಮ್ಮ ನೆಗೆಣ್ಣಿದು ಹಿಂಗ ಆಗಿತ್ತು. ಮುಂಜಾನಿ ಎದ್ದ ಕೂಡಲೇ ಬ್ಯಾನಿ, ಚಾದ ಸಂಗಾಟ ಒಂದು ಗುಳಿಗಿ, ಅದು ಇಳಿಯೂದರಾಗ ಮತ್ತೊಂದು. ಪರ್ಸಿನಾಗ, ದೇವರ ಮಾಡದಾಗ, ಹಾಸಗಿ ತಲಿದಿಂಬಿನ ಕೆಳಗ, ಎಲ್ಲಾ ಕಡೆ ಗುಳಿಗಿ ಚೀಟಿ. ಮೆದುಳಿನಾಗ ಗಂಟಾಗೈತಿ ಅಂತನ ಅಕಿ ತಿಳಕೊಂಡು, ಮಗಳ ಮದವಿ ಆಗೂತನಕ ಯಾರಿಗೂ ಹೇಳೂದು ಬ್ಯಾಡಂತ ಮುಚ್ಚಿಟ್ಟಿದ್ಲು. ಡಾಕ್ಟರು ಎಲ್ಲಾ ಕೇಳಿ, "ನಿಮ್ಮ ಗುಳಿಗಿನ ನಿಮಗ ಬ್ಯಾನಿ ತರಾಕ ಹತ್ತೈತಿ" ಅಂದಾಗ ಅಕಿ ಅತ್ತು ಬಿಟ್ಲು. ನಿಲ್ಲಿಸಿದ ಮೊದಲಿನ ಹತ್ತು ದಿನ ಭಾಳ ಕಠಿಣ ಹೋದ್ವು. ಇದನ್ನ ಡಾಕ್ಟರ ಕೈಯಾಗ ಇದ್ದ ಮಾಡಬೇಕು, ಒಮ್ಮೆಲೆ ತಾವ ಬಿಡಬಾರದು.

ಆ ಡಾಕ್ಟರು ಅಕಿಗೆ ಹೇಳಿದ್ದು ಒಂದ ಕೆಲಸ: ಕ್ಯಾಲೆಂಡರಿನ ಮ್ಯಾಲ ಬ್ಯಾನಿ ಬಂದ ದಿನ ಒಂದು ಗೆರಿ, ಗುಳಿಗಿ ತಗೊಂಡ ದಿನ ಒಂದು ಚುಕ್ಕಿ. ಇದು ಹೊಸಾದೇನಲ್ಲ. ಚರಕರ ಯಾದಿ ಮತ್ತೇನು? ಯಾರೋ ಕುಂತು, ಎಷ್ಟೋ ಮಂದಿಗೆ ಯಾವಾಗ ಬಂತು ಅಂತ ನೋಡಿ ನೋಡಿ ಇಟ್ಟ ಲೆಕ್ಕ. ಹಣಿಗೆ ಹಚ್ಚಿದ್ದು, ಕುಡಿಸಿದ್ದು ಸಾವಿರ ಬಂದು ಸಾವಿರ ಹೋದ್ವು. ಯಾವಾಗ ಬರತೈತಿ ಅನ್ನೂ ಲೆಕ್ಕ ಮಾತ್ರ ಉಳದೈತಿ, ಮತ್ತ ಅದನ್ನ ಹೆಚ್ಚು ಇಟ್ಟವರು ಹೆಂಗಸರ.

ತಲಿ ಎರಕೊಂಡ ದಿನ ತಲಿಬ್ಯಾನಿ ಬರತೈತಿ ಅಂತ ನಮ್ಮವ್ವ ಹೇಳಿದ್ರ ನಗತಿದ್ರು. 2006ರಾಗ ಮುಂಬೈಯ ಡಾಕ್ಟರು ಕೆ. ರವಿಶಂಕರ್ ಅವರು ಇದ ವಿಷಯ ಹೊರಗಿನ ದೊಡ್ಡ ಪತ್ರಿಕೆಯೊಳಗ ಬರದ್ರು, ತಲಿ ಎರಕೊಂಡ್ರ ಮೈಗ್ರೇನ್ ಏಳೂ 94 ಮಂದಿ ಭಾರತದವರ ಬಗ್ಗೆ. ಉದ್ದ ಕೂದಲಾ, ಒದ್ದಿ ತಲಿ, ತಾಸುಗಟ್ಟಲೆ ಒಣಗೂದಿಲ್ಲ. ಬೇರೆ ದೇಶದ ಪುಸ್ತಕದಾಗ ಇದು ಇರಲಿಲ್ಲ, ಯಾಕಂದ್ರ ಅಲ್ಲಿ ಯಾರೂ ಕೇಳಿರಲಿಲ್ಲ. ಎರಕೊಳ್ಳೂದು ಬಿಡಬೇಕಾಗಿಲ್ಲ. ಹೊಟ್ಟಿಗೆ ಏನಾರ ಹಾಕ್ಕೊಂಡು, ಬಿಸಲ ಏರೂದರಾಗ ಎರಕೊಂಡು, ಲಗೂ ಒಣಗಿಸಿ, ಒದ್ದಿ ತಲಿ ಬಿಗದು ತುರುಬು ಕಟ್ಟದ ಇದ್ರ ನಮ್ಮ ಮನ್ಯಾಗ ಇಬ್ಬರಿಗೆ ಕಡಿಮಿ ಆಗೈತಿ.

ಒಪ್ಪತ್ತಿನದೂ ಹಂಗ. ಯಹೂದಿಯರಿಗೆ ಯೋಮ್ ಕಿಪ್ಪುರ್ ಅಂತ ಒಂದು ದಿನದ ಕಡಕ್ ಉಪವಾಸ ಇರತೈತಿ, ನೀರೂ ಇಲ್ಲ. 1995ರಾಗ ಇಸ್ರೇಲಿನವರು ಲೆಕ್ಕ ಹಾಕಿದಾಗ, ಉಪವಾಸ ಮಾಡಿದವರಾಗ ನೂರಕ್ಕ 39 ಮಂದಿಗೆ ತಲಿಬ್ಯಾನಿ, ಮಾಡದವರಾಗ 7 ಮಂದಿಗೆ. ನಮ್ಮ ಸ್ವಾಮವಾರ, ಶಿವರಾತ್ರಿ, ಯಾರದ್ದಾದ್ರೂ ಮದವಿಮನಿ ಗದ್ದಲದಾಗ ಮಧ್ಯಾಹ್ನ ಮೂರರತನಕ ಊಟ ಇಲ್ಲದ್ದು, ಎಲ್ಲಾ ಇದರಾಗ ಬಂತು. ಹೊತ್ತು ಮೂಡೂದರಾಗ ಹಾಲು-ಜಿಲೇಬಿ ಅಂದವರು ಇದನ್ನ ಕಂಡಿದ್ರು.

ಮುಟ್ಟಿನದಂತೂ ಎಲ್ಲಾರಿಗೂ ಗೊತ್ತು, ಆದ್ರ 1972ರತನಕ ಕಾರಣ ಯಾರೂ ಸಿದ್ಧ ಮಾಡಿರಲಿಲ್ಲ. ಆಸ್ಟ್ರೇಲಿಯಾದ ಬ್ರಯನ್ ಸಾಮರ್‌ವಿಲ್ ಅವರು ಆ ವರ್ಷ, ಮುಟ್ಟಿನ ಮೊದಲು ಈಸ್ಟ್ರೋಜನ್ ಸರ್ರಂತ ಇಳಿಯೂದ ಬ್ಯಾನಿ ಎಬ್ಬಸತೈತಿ ಅಂತ ತೋರಿಸಿದ್ರು. ಬಸರಾದ ಕಡೀ ತಿಂಗಳದಾಗ ಭಾಳ ಮಂದಿಗೆ ಕಡಿಮಿ ಆಗೂದು, ಮುಟ್ಟು ನಿಂತ ಮ್ಯಾಲ "ಹಾಳಾದ್ದು ಹೋತು" ಅಂತ ಅಜ್ಜಿಯಂದಿರು ಅನ್ನೂದು ಇದಕ್ಕ. ದೊಡ್ಡವ್ವನಂಗ ಮಿಂಚಿನ ಗೆರಿ ಕಾಣೂ ಹುಡುಗ್ಯಾರು ಗರ್ಭ ನಿಲ್ಲಿಸೂ ಗುಳಿಗಿ ತಗೊಳ್ಳೂ ಮೊದಲು ಡಾಕ್ಟರಿಗೆ ಆ ಗೆರಿದು ಹೇಳ್ರಿ, ಮರೀಬ್ಯಾಡ್ರಿ. ಕೆಲವು ಗುಳಿಗಿಲೆ ಅಂಥವರಿಗೆ ಪಾರ್ಶ್ವವಾಯು ಬರೂ ಭಯ ಹೆಚ್ಚು.

ಬೆಂಗಳೂರಿನ ನಿಮ್ಹಾನ್ಸ್‌ನವರು ಬೆಂಗಳೂರು ಊರಾಗೂ ಸುತ್ತಲಿನ ಹಳ್ಳ್ಯಾಗೂ ಮನಿಮನಿಗೆ ಹೋಗಿ 2,329 ಮಂದಿಯನ್ನ ಕೇಳಿ, 2015ರಾಗ ಬರದಾರ: ನಾಲ್ಕು ಮಂದಿಯೊಳಗ ಒಬ್ಬರಿಗೆ ಮೈಗ್ರೇನ್. ಹೆಂಗಸರಾಗ ಹೆಚ್ಚು, ಹಳ್ಳ್ಯಾಗ ಹೆಚ್ಚು. ಯಾರರ ನೆವ ಅಂದ್ರ ಈ ಲೆಕ್ಕ ಹೇಳ್ರಿ.

ಕಷಾಯ, ಲೇಪ, ಕ್ಯಾಲೆಂಡರ್ ಯಾವುದೂ ಬ್ಯಾಡ, ಸೀದಾ ದವಾಖಾನಿಗೆ ಹೋಗೂ ಬ್ಯಾನಿನೂ ಐತಿ. ಸಿಡಿಲ ಹೊಡದಂಗ ಒಮ್ಮೆಲೆ ಬಂದ ಜೀವಮಾನದಾಗ ಕಾಣದ ಬ್ಯಾನಿ, ಜ್ವರದ ಕೂಡ ಕುತಗಿ ಸೆಟೆಯೂದು, ಕೈಕಾಲು ಬಲ ಹೋಗೂದು, ಮಾತು ತೊದಲೂದು, ತಲಿಗೆ ಪೆಟ್ಟು ಬಿದ್ದ ಮ್ಯಾಲಿನದು, 50 ದಾಟಿದ ಮ್ಯಾಲ ಹೊಸದಾಗಿ ಶುರುವಾದದ್ದು, ಬಸರಿ-ಬಾಣಂತಿಯರದ್ದು. ಇವುಕ್ಕ ಸುಂಠಿ ತೇಯಾಕ ಕೂಡಬ್ಯಾಡ್ರಿ.

ನಮ್ಮ ನೆಗೆಣ್ಣಿ ಕ್ಯಾಲೆಂಡರ್ ಹ್ವಾದ ದೀಪಾವಳಿಗೆ ವರ್ಷ ತುಂಬಿತು. ಮೊದಲಿನ ತಿಂಗಳ ಗೆರಿ 22, ಚುಕ್ಕಿ ಅದಕಿಂತ ಹೆಚ್ಚು. ಕಡೀ ತಿಂಗಳ ಗೆರಿ 5. ಆ ಐದರಾಗ ಎರಡು ಮುಟ್ಟಿನ ಹಿಂದಮುಂದ, ಒಂದು ಬಿಸಲಾಗ ಸಂತಿಗೆ ಹೋದ ದಿನ, ಎರಡು ಸ್ವಾಮವಾರ. ಸ್ವಾಮವಾರದ್ದು ಕಂಡ ಮ್ಯಾಲ ಅಕಿ ಅತ್ತಿಯವರನ್ನ ಕೇಳಿದ್ಲು, ಒಪ್ಪತ್ತಿನ ದಿನ ಮುಂಜಾನಿ ಒಂದು ಲೋಟ ಹಾಲು, ಎರಡು ಬಾಳಿಹಣ್ಣು ತಗೊಂಡ್ರ ನಡೀತೈತೇನ್ರಿ ಅಂತ. ಅತ್ತಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೂ ಅದನ್ನ ಮಾಡತೀನವ್ವಾ, ನಿಮಗ ಹೇಳಿರಲಿಲ್ಲ ಅಷ್ಟ" ಅಂದ್ರು.